ತೆರೆಕಟ್ಟೆಯ ಬೆಂಚು

ತೆರೆಕಟ್ಟೆಯ ಇತಿಹಾಸದ ಅತ್ಯಂತ ಗಂಭೀರ ಪ್ರಶ್ನೆಯೆಂದರೆ, ಕಮಲಾಕ್ಷಿಯ ಹೋಟೆಲಿನ ಬೆಂಚಿನಲ್ಲಿ ಕೂತವರ ಕಾಲು ಒದ್ದೆಯಾಗುತ್ತದೋ ಇಲ್ಲವೋ ಎಂಬುದು. ಸಮುದ್ರ ವರ್ಷವರ್ಷವೂ ಪಡುವಣಕ್ಕೆ ಸರಿಯುತ್ತಿದ್ದ ಕಾಲ. ಉಬ್ಬರದ ಹೊತ್ತಿನಲ್ಲೂ ಚಹಾ ಕುಡಿಯುವವರ ಪಾದ ಒಣಗಿಯೇ ಇದ್ದರೆ ಬೆಂಚನ್ನು ನೀರಿನಂಚಿಗೆ ಒಯ್ಯಬೇಕು, ಅದರ ಹಿಂದೆ ಊರೆಲ್ಲ ಗಂಟುಮೂಟೆ ಕಟ್ಟಬೇಕು. ಒಂದು ಕಾಲದಲ್ಲಿ ಮೀನುಪೇಟೆ, ಇಗರ್ಜಿ, ಕೊನೆಗೆ ಸಿನಿಮಾ ಟಾಕೀಸು ಕೂಡ ಗಾಲಿಯ ಮೇಲೆ ಆ ಬೆಂಚಿನ ಬೆನ್ನಿಗೆ ಉರುಳಿದ್ದವು. ಗಟ್ಟಿ ರಟ್ಟೆಯವರೆಲ್ಲ ಬೇರೆ ಬಂದರು ಹಿಡಿದ ಮೇಲೆ ಉಳಿದದ್ದು ನಾಲ್ಕು ಮನೆ.

ಆ ಬೆಳಿಗ್ಗೆ ಉಬ್ಬರದ ಹೊತ್ತಿಗೆ ಕ್ಷೌರಿಕ ಬಸ್ತ್ಯಾಂವ್ ಪಾದ ಎತ್ತಿ ತೋರಿಸಿದ. "ಒಣ ಉಂಟು, ಕಮ್ಲಕ್ಕ."

"ನೀವು ಮಿಂದದ್ದು ಯಾವಾಗ, ಅದು ಹೇಳಿ ಮೊದ್ಲು," ಎನ್ನುತ್ತಲೇ ಕಮಲಾಕ್ಷಿ ಸೆರಗು ಸಿಕ್ಕಿಸಿ ಬೆಂಚಿಗೆ ಕೈಹಾಕಿದಳು. ಇದ್ದವರೆಲ್ಲ ಸೇರಿ ಎತ್ತಿದರೂ ಹಲಸಿನ ಬೆಂಚು ಮಿಸುಕಲಿಲ್ಲ.

"ಬೆಂಚು ಇಲ್ಲೇ ಉಳಿದ್ರೆ ಊರು ಮುಗೀತು, ಮಾರಾಯ್ತಿ," ಎಂದ ಬಸ್ತ್ಯಾಂವ್.

"ಮುಗಿಯೂದು ಎಂತದು? ಕೂತ್ಕೊಳ್ಳಿ."

ಅವಳು ಕೊಡ ಹಿಡಿದು ಮರಳಿನಲ್ಲಿ ನಡೆದುಹೋಗಿ ಸಮುದ್ರದ ನೀರು ತಂದಳು. ಒಬ್ಬೊಬ್ಬರ ಪಾದಕ್ಕೂ ಸುರಿದು, ಆಮೇಲೆ ಚಹಾ ಕೊಟ್ಟಳು.

ಆ ವರ್ಷ ಸಮುದ್ರ ಮುಂದೆ ಹೋಯಿತು, ಊರು ಹೋಗಲಿಲ್ಲ.