ಇಟಲಿಯ ಕೆಂಪು ಹೂದಾನಿ

"ಎರಡೂ ಕೈಯಾಗ ಹಿಡೀರಿ, ಸಾಹುಕಾರ್ರ. ಜಾರಿತಂದ್ರ ಅಕ್ಕ ನಿಮ್ಮನ್ನೂ ಬಿಡಂಗಿಲ್ಲ, ನನ್ನನ್ನೂ ಬಿಡಂಗಿಲ್ಲ," ಎನ್ನುತ್ತ ಚನ್ನೇಶ ಕೆಂಪು ಗಾಜಿನ ಹೂದಾನಿಯನ್ನು ರುದ್ರಮುನಿಯವರ ಕೈಗಿತ್ತ. ರಾಣೆಬೆನ್ನೂರಿನ ಚನ್ನೇಶನ ಮನೆಯ ಪಡಸಾಲೆಯಲ್ಲಿ ಬಿತ್ತನೆ ಬೀಜದ ಚೀಲಗಳ ನಡುವೆ ಕುಳಿತಿದ್ದ ಬ್ಯಾಡಗಿಯ ಹಳೆಯ ಮೆಣಸಿನಕಾಯಿ ದಲ್ಲಾಳಿ, ಹಸುಗೂಸನ್ನು ಇಸಿದುಕೊಂಡವರಂತೆ ಅದನ್ನು ಎದೆಗೆ ಆನಿಸಿಕೊಂಡರು.

ಆಮೇಲೆ ಮೆಲ್ಲಗೆ ಬೋರಲು ಮಾಡಿ ತಳವನ್ನು ಬೆರಳಿನಿಂದ ಸವರಿದರು. ಗಾಜನ್ನು ಊದಿ ಮುಗಿಸಿದವನು ಕಬ್ಬಿಣದ ಸಲಾಕೆಯಿಂದ ಬಿಡಿಸಿಕೊಂಡ ಜಾಗದಲ್ಲಿ ಹೊಕ್ಕುಳಿನಂಥ ಗಾಯ. ಮೈಯೊಳಗೆ ಚಿನ್ನದ ರಜ, ಯಾರದೋ ಉಸಿರಿನೊಡನೆ ಹೋಗಿ ಅಲ್ಲೇ ನಿಂತುಬಿಟ್ಟಂತೆ. ಇಟಲಿಯ ಮುರಾನೋ ದ್ವೀಪದ ಗಾಜಿನ ಕುಲುಮೆಯದೇ, ಅನುಮಾನವಿಲ್ಲ. ಅನುಮಾನವಿದ್ದು ಬಂದವರೂ ಅವರಲ್ಲ. ಮುಂಬಯಿಯ ಹಳೆಯ ಸಾಮಾನಿನ ಪೇಟೆಯಿಂದ, ಕೊಚ್ಚಿಯ ಅಂಗಡಿಗಳಿಂದ, ಮೆಣಸಿನಕಾಯಿ ಕೊಳ್ಳಲು ಬಂದ ಪರದೇಶದವರ ಮೂಲಕ ಅವರು ಕೂಡಿಸಿದ ಇಟಲಿಯ ಹೂದಾನಿಗಳಿಂದ ಬ್ಯಾಡಗಿಯ ಮನೆಯ ಒಂದು ಗೋಡೆಯೇ ತುಂಬಿತ್ತು. ಹೆಂಡತಿ ಬದುಕಿದ್ದಾಗ ಅವನ್ನು "ಗಾಜಿನ ಸವತ್ಯಾರು" ಎಂದು ಕರೆದು, ವಾರಕ್ಕೊಮ್ಮೆ ತಾನೇ ಒರೆಸಿಡುತ್ತಿದ್ದಳು. ಅವೆಲ್ಲವೂ ಇದೊಂದರ ಹುಡುಕಾಟವೆಂದು ಅವಳಿಗೂ ಹೇಳಿರಲಿಲ್ಲ.

"ನನ್ನದಿದ್ದಿದ್ರ ಇವತ್ತೇ ಕಟ್ಟಿ ಕೊಡ್ತಿದ್ದೆ," ಎಂದ ಚನ್ನೇಶ. "ಆದ್ರ ಇದು ಅಪ್ಪ ಅಕ್ಕಗ ಕೊಟ್ಟದ್ದು. ಆಕೀನೇ ಹೂಂ ಅನಬೇಕು."

ಮೀನಾಕ್ಷಿ ಚಹದ ತಟ್ಟೆ ಹಿಡಿದು ಬಂದಳು. ಅಗಡಿ ಊರಿನ ಸೊಸೆಯಾಗಿ ಬಾಳಿ, ಗಂಡ ತೀರಿದ ಮೇಲೆ ತಮ್ಮನ ಮನೆಗೆ ಮರಳಿದ್ದವಳು. ತಲೆ ಪೂರ್ತಿ ನರೆತಿತ್ತು. ಅತಿಥಿಯನ್ನೊಮ್ಮೆ ನೋಡಿ, ಅವರ ಮಡಿಲಲ್ಲಿದ್ದ ಹೂದಾನಿಯನ್ನು ನೋಡಿ ಕಪ್ಪು ಇಟ್ಟಳು.

"ಅವತ್ತೂ ಅದನ್ನ ನೋಡಾಕತ್ತಿದ್ರಿ. ಇನ್ನೂ ಮುಗಿದಿಲ್ಲೇನು?"

ಚನ್ನೇಶ ಇಬ್ಬರ ಮುಖಗಳನ್ನೂ ನೋಡಿದ. "ಅವತ್ತ ಅಂದ್ರ ಯಾವತ್ತಕ್ಕ?"

"ನೀ ಚಡ್ಡಿ ಹಾಕ್ಕೊಂಡು ಓಡ್ಯಾಡುವಾಗ. ಇವರು ನನ್ನ ನೋಡಾಕ ಬಂದಿದ್ರು. ಅಂದ್ರ, ಹಂಗಂತ ಹೇಳಿ ಬಂದಿದ್ರು." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಹುಕಾಲ ಇಟ್ಟು ಒಣಗಿಸಿದ ಮಾತಿನ ಹಗುರವಿತ್ತು. "ಉಪ್ಪಿಟ್ಟು ತಿಂದ್ರು, ಚಹ ಕುಡದ್ರು. ಕುಂತಷ್ಟು ಹೊತ್ತೂ ಗ್ವಾಡಿ ಗೂಡಿನಾಗಿನ ಹೂದಾನಿ ಮ್ಯಾಲಿನ ಕಣ್ಣು ತಗೀಲಿಲ್ಲ. ಒಮ್ಮೆರ ನನ್ನ ಕಡೆ ತಿರುಗಲಿಲ್ಲ. ಹುಡುಗಗ ಮನಸ್ಸಿಲ್ಲ ಅಂತ ಸೋದರತ್ತಿ ಅಂದ್ಲು, ನಮ್ಮಪ್ಪ ಮರುದಿನಾನ ಅಗಡಿಗೆ ಮಾತು ಕೊಟ್ಟ. ಆತು. ಅಲ್ಲಿಗೆ ಹೋದಮ್ಯಾಲೂ ಕುಂಕುಮ ಕೈಯಂದಾಜಿಗೇ ಹಚ್ಕೋತಿದ್ದೆ. ಇಂಥಾ ಮುಖ ಕನ್ನಡಿಯಾಗ ಏನು ನೋಡೂದು ಅಂತ."

ರುದ್ರಮುನಿಯವರ ಚಹ ಕೆನೆಗಟ್ಟಿತು. ಗೂಡು ಇನ್ನೂ ಅಲ್ಲೇ ಇತ್ತು, ಕಿಟಕಿಗೆ ಎದುರಾಗಿ. ಆ ದಿನ ಸುತ್ತ ಹಿರಿಯರು ಕುಳಿತಿದ್ದರು. ಹೆಣ್ಣಿನ ಕಡೆ ನೆಟ್ಟಗೆ ನೋಡುವುದು ಮರ್ಯಾದಸ್ಥರ ಮನೆಯ ಹುಡುಗನ ಲಕ್ಷಣವಲ್ಲವೆಂದು ತಂದೆ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು.

"ನಾ ಹೂದಾನಿ ನೋಡಲಿಲ್ಲ," ಎಂದರು ಕೊನೆಗೆ. "ಅದರಾಗ ನಿಮ್ಮನ್ನ ನೋಡಿದೆ."

ಮೀನಾಕ್ಷಿ ಗೂಡಿನ ಕಡೆ ತಿರುಗಿದಳು.

"ಕಿಟಕಿ ಬೆಳಕು ನಿಮ್ಮ ಮ್ಯಾಲ ಬಿದ್ದಿತ್ತು. ಗಾಜಿನಾಗ ಉಗುರಿನಷ್ಟು ಮುಖ ಕಾಣತಿತ್ತು, ಕೆಂಪಂದ್ರ ಕೆಂಪು, ಹಣೀ ಸುತ್ತ ಚಿನ್ನದ ಪುಡಿ. ನೀವು ತಲಿ ಎತ್ತಿದ್ರ ಅದೂ ಎತ್ತತಿತ್ತು. ತಿರುಗಿ ನೋಡಿದ್ರ ಹೋಗಿಬಿಡತೈತಿ ಅಂತ ತಿರುಗಲಿಲ್ಲ." ಅವರು ದನಿ ತಗ್ಗಿಸಿದರು. "ಮನಿಗೆ ಹೋಗಿ ಹೂಂ ಅಂದೆ. ನಮ್ಮವರು ಹೇಳಿ ಕಳಿಸೂದರಾಗ ನಿಮ್ಮ ಲಗ್ನ ನಿಕ್ಕಿ ಆಗಿಬಿಟ್ಟಿತ್ತು. ಆಮ್ಯಾಲ ಎಷ್ಟು ಹೂದಾನಿ ತಂದೆ. ಎಲ್ಲಾ ಕಿಟಕಿಗೆ ಹಿಡಿದೆ. ಎಲ್ಲಾದ್ರಾಗೂ ನಂದ ಮುಖ."

ಹೊರಗೆ ಯಾರೋ ಸೂರ್ಯಕಾಂತಿ ಬೀಜ ಕೇಳಿಕೊಂಡು ಬಂದರು. ಚನ್ನೇಶ ಅದೇ ನೆಪವಾಗಿ ಎದ್ದು ಅಂಗಡಿಗೆ ನಡೆದ. ಗಿರಾಕಿ ಹೋದ ಮೇಲೂ ಒಳಗೆ ಬರಲಿಲ್ಲ.

ಮೀನಾಕ್ಷಿ ಕೈ ಚಾಚಿದಳು. ಈ ಗಾಜು ಮತ್ತೆ ತಮ್ಮ ಕೈಗೆ ಬರಲಾರದೆಂದು ಆ ಕ್ಷಣವೇ ತಿಳಿದಿದ್ದರೂ ರುದ್ರಮುನಿ ಕೊಟ್ಟರು. ಅವಳು ಅದನ್ನು ಒಯ್ದು ಕಿಟಕಿಗೆ ಮುಖ ಮಾಡಿ ಚಾಪೆಯ ಮೇಲೆ ಕುಳಿತಳು. ಸೆರಗಿನ ಚುಂಗಿನಿಂದ ಒರೆಸಿದಳು, ಬಾಯಿಯ ಉಸಿರು ಬಿಟ್ಟು ಮತ್ತೊಮ್ಮೆ ಒರೆಸಿದಳು. ಮುಖವನ್ನು ಅದರ ಹತ್ತಿರ ತಂದು ಎಡಕ್ಕೆ ತಿರುಗಿಸಿದಳು, ಬಲಕ್ಕೆ ತಿರುಗಿಸಿದಳು. ಹಣೆಯ ಮೇಲಿನ ಬಿಳಿ ಕೂದಲನ್ನು ಒಂದು ಬೆರಳಿನಿಂದ ಹಿಂದೆ ಸರಿಸಿದಳು. ಅವಳನ್ನು ಕಣ್ಣೆದುರೇ, ನೆಟ್ಟಗೆ ನೋಡುವ ಆಸೆಯಿಂದ ರುದ್ರಮುನಿ ಮೇಲೆದ್ದು ಕಿಟಕಿಯ ಕಡೆಗೆ ಎರಡು ಹೆಜ್ಜೆ ಬಂದರು.

ಮೀನಾಕ್ಷಿ ಗಾಜಿನಿಂದ ಕಣ್ಣೆತ್ತಲಿಲ್ಲ.

"ಬೆಳಕಿಗೆ ಅಡ್ಡ ನಿಂತೀರಿ," ಎಂದಳು. "ಸ್ವಲ್ಪ ಸರೀರಿ."