ಹಸಿರು ಮೊಳಕೆ

“ಲೋ ಸೊಕಿಚಿ, ನಿನ್ನ ಹೋಸ್ಟಾ ಗಿಡದ ಬಿಳಿ ಅಂಚೆಲ್ಲ ಹೋಗಿ ಪೂರ್ತಿ ಹಸಿರಾಗೋಯ್ತಲ್ಲೋ! ಇದನ್ಯಾಕೆ ಪ್ರದರ್ಶನಕ್ಕೆ ಹೊತ್ಕೊಂಡ್ ಬಂದೆ? ಎಳೇ ಎಲೆ ಕಿತ್ತು ಮಿಸೊ ಸಾರಿಗೆ ಹಾಕ್ಕೋಬಾರ್ದಿತ್ತಾ?” ಎಂದ ತಮೊತ್ಸು. ದೇವದಾರುಗಳ ನೆರಳಲ್ಲಿ ಕುಂಡ ಜೋಡಿಸುತ್ತಿದ್ದವರೆಲ್ಲ ನಕ್ಕರು. ಇಬ್ಬರಿಗೂ ಗಿಡದ ಕೆಲಸ ಕಲಿಸಿದ ಕುನಿಯೆ ಅಜ್ಜಿಯೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸೊಕಿಚಿಯ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ನಗುವಿಗೆ.

ಅಜ್ಜಿಯ ತೋಟಕ್ಕೆ ನೀರು ಹೊತ್ತವನು ಇವನು. ಆದರೆ ಅಜ್ಜಿ ಬಿಳಿ ಅಂಚಿನ ತಾಯಿಗಿಡದ ಬುಡ ಸೀಳಿ ಹಂಚಿದಾಗ ಒಳ್ಳೇ ತುಂಡು ತಮೊತ್ಸುಗೆ, ಬಡಕಲು ತುಂಡು ಇವನಿಗೆ. ಈಗ ತಮೊತ್ಸುವಿನ ಎಲೆಗಳು ಸುಣ್ಣದ ಗೆರೆ ಎಳೆದಂತೆ ಹೊಳೆಯುತ್ತಿದ್ದವು. “ನನ್ನ ಕೈಗುಣ ನೋಡಜ್ಜಿ,” ಅಂತ ಬೇರೆ ಹಲ್ಲು ಕಿರಿದ.

ಸೊಕಿಚಿ ತಮೊತ್ಸುವಿನ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತ. ಎಲೆಗಳಡಿ ಬರೀ ಹಸಿರಿನ ಮೊಳಕೆಯೊಂದು ತಲೆ ಎತ್ತಿತ್ತು. ಇವನ ಗಿಡವನ್ನು ನುಂಗಿದ್ದೂ ಇಂಥದ್ದೇ. ಕೂಡಲೇ ಬುಡಸಮೇತ ಕಿತ್ತರೆ ಬಿಳಿ ಉಳಿಯುತ್ತದೆ, ಬಿಟ್ಟರೆ ಗಿಡವೆಲ್ಲ ಹಸಿರು. ಯಾರ ಕುಂಡದಲ್ಲಿ ಕಂಡರೂ ಬಾಯಿಬಿಟ್ಟು ಹೇಳಬೇಕೆಂಬುದು ಅಜ್ಜಿ ಕಲಿಸಿದ ಮೊದಲ ಪಾಠ.

“ಏನೋ, ಮಾತೇ ಇಲ್ಲ? ನಾಲಿಗೆನೂ ಹಸಿರಾಯ್ತಾ?” ಎಂದು ಕೆಣಕಿದ ತಮೊತ್ಸು.

ಸೊಕಿಚಿ ಬಿಳಿ ಅಂಚಿನ ಎಲೆಯೊಂದನ್ನು ಮೆತ್ತಗೆ ಬಗ್ಗಿಸಿ ಮೊಳಕೆಯ ಮೇಲೆ ಹೊದಿಸಿದ. ಆಮೇಲೆ ತನ್ನ ಕುಂಡ ಎತ್ತಿಕೊಂಡು, ತುಟಿ ಬಿಚ್ಚದೆ ನಡೆದುಬಿಟ್ಟ.