ನಗು ಮಾತ್ರ ಉಳಿದ ಗೋಡೆ

ಆ ಊರಿನ ಗೋಡೆಗಳು ಕೇಳಿದ್ದನ್ನೆಲ್ಲ ಇಟ್ಟುಕೊಳ್ಳುತ್ತಿದ್ದವು, ಪಿಸುಮಾತೊಂದನ್ನು ಬಿಟ್ಟು. ಹಾಗಾಗಿ ಗಂಡಸರನ್ನು ಪ್ರೀತಿಸುವ ಗಂಡಸರು ಕಟ್ಟಿಕೊಂಡ ದವಾಖಾನೆಯಲ್ಲಿ ಮೊದಲ ದಿನದಿಂದಲೂ ಎಲ್ಲರೂ ಪಿಸುಗುಟ್ಟಿಯೇ ಮಾತಾಡಿದರು. ಪೊಲೀಸರು ಬಂದು ಗೋಡೆಗೆ ಕಿವಿಯಿಟ್ಟರೂ ಒಂದು ಹೆಸರು ಸಿಗುತ್ತಿರಲಿಲ್ಲ.

ಇವತ್ತು ಕಿವಿಯಿಟ್ಟವನು ನಗರಸಭೆಯ ಸಾಹೇಬ. ಇಲ್ಲಿಗೆ ರೋಗಿಗಳು ಬರುತ್ತಿದ್ದರೆಂದು ಗೋಡೆ ಸಾಕ್ಷಿ ಹೇಳಿದರೆ ದವಾಖಾನೆ ಉಳಿಯುತ್ತದೆ, ಇಲ್ಲವಾದರೆ ಸಂಜೆಗೇ ಬೀಗ.

"ಬರೀ ನಗು ಕೇಳಾಕತ್ತದ," ಎಂದ ಸಾಹೇಬ. "ಇದನ್ನ ದವಾಖಾನಿ ಅಂತ ಹೆಂಗ ಬರೀಲಿ?"

ಅದು ದೇವಕ್ಕ ಪಿಸುಗುಟ್ಟಿದ ಜೋಕುಗಳಿಗೆ ಎಲ್ಲರೂ ನಕ್ಕ ನಗು. ದವಾಖಾನೆಯ ದೇವೇಂದ್ರಪ್ಪನನ್ನು ಇಲ್ಲಿ ಎಲ್ಲರೂ ಕರೆಯುವುದೇ ದೇವಕ್ಕ ಎಂದು. ಸೂಜಿಗೆ ಹೆದರಿದವರನ್ನು ನಗಿಸುತ್ತಲೇ ರಕ್ತ ತೆಗೆಯುವ ಕೈ ಅದು. ಆ ನಗುವಿನಲ್ಲಿ ಸತ್ತುಹೋದವರೂ ಇದ್ದರು.

ಉಳಿದ ರೋಗಿಗಳ ಜೊತೆ ಬೆಂಚಿನ ಮೇಲೆ ಕೂತಿದ್ದ ಮೌನೇಶನಿಗೆ ಸಾಹೇಬನ ಮಾತು ಕೇಳಿ ಮೈಯೆಲ್ಲ ಉರಿಯಿತು. ಎದ್ದು ಗೋಡೆಯ ಹತ್ತಿರ ಹೋದ.

ದೇವಕ್ಕ ತೋಳು ಹಿಡಿದು ಪಿಸುಗುಟ್ಟಿದಳು: "ಹೆಸರಿಗೆ ತಕ್ಕಂಗ ಸುಮ್ನಿರೋ ಮೌನೇಶಾ! ಒಮ್ಮೆ ಗಟ್ಟಿಯಾಗಿ ಅಂದ್ರ ಅಳಿಸಾಕ ಬರಂಗಿಲ್ಲ."

"ಅದಕ್ಕ ಅನ್ನಾಕತ್ತೀನಿ, ಅಕ್ಕಾ."

ಕೈ ಬಿಡಿಸಿಕೊಂಡು ಅವನು ಕೂಗಿದ: "ನಾನು ಬಡಿಗೇರ ಓಣಿ ಮೌನೇಶ! ಗಂಡಸರನ್ನ ಪ್ರೀತಿ ಮಾಡೋ ಗಂಡಸು! ಎಚ್‌ಐವಿ ಅಂತ ಎಲ್ಲಾರೂ ಹೊರಗ ಹಾಕಿದಾಗ ಇಲ್ಲೇ ಔಷಧ ಕೊಟ್ರು. ಅದಕ್ಕ ಬದುಕೀನಿ!"

ಗೋಡೆ ಅದನ್ನು ನುಂಗಿಕೊಂಡಿತು. ಸಾಹೇಬ ಮತ್ತೆ ಗೋಡೆಗೆ ಕಿವಿಯಿಟ್ಟು ಪೆನ್ನು ಎತ್ತಿದ. ಬೆಂಚಿನ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿ, ಮೆಲ್ಲಗೆ ಎದ್ದರು.

ದೇವಕ್ಕ ಗಂಟಲು ಸರಿಮಾಡಿಕೊಂಡಳು. ಆ ಕೋಣೆಯಲ್ಲಿ ಅವಳು ಎಂದೂ ಗಟ್ಟಿಯಾಗಿ ಮಾತಾಡಿದವಳಲ್ಲ.

"ಗೋಡಿ ಮುಂದ ಪಾಳಿ ಹಚ್ರಲೇ!" ಎಂದು ಗುಡುಗಿದಳು. "ಮೊದಲು ನಂದು!"